ಪ್ರಶ್ನೆ ಕೇಳದ ಭಾವ, ಪ್ರಶ್ನೆ ಕೇಳಿದ ಮೂವತ್ತು ಕಂಪ್ಯೂಟರ್

ನನ್ನ ಭಾವನಿಗೆ ಪ್ರಶ್ನೆ ಆಗುವುದಿಲ್ಲ. ಕೆಲವರಿಗೆ ಬಂಗುಡೆ ಮೀನು ತಿಂದರೆ ಮೈಯೆಲ್ಲ ತುರಿಸುತ್ತದಲ್ಲ, ಹಾಗೆ. ಯಾರಾದರೂ ‘ಎಂತ?’ ‘ಎಲ್ಲಿಗೆ?’ ಎಂದರೆ ಸಾಕು, ಮುಖ ಕೆಂಪು! ತಾವೂ ಯಾರನ್ನೂ ಏನೂ ಕೇಳುವುದಿಲ್ಲ. ಅಕ್ಕನನ್ನು ನೋಡಲು ಬಂದ ದಿನ ನಮ್ಮ ಹಿರಿಯರು ‘ಹುಡುಗಿಯನ್ನು ಕೇಳುವುದಿದ್ದರೆ ಕೇಳಿ’ ಎಂದರು. ಭಾವ ಕಿಸೆಯಿಂದ ಒಂದು ಕಾಗದ ತೆಗೆದು ಅಕ್ಕನ ಕೈಗೆ ಕೊಟ್ಟರು. ಅವಳು ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಅದರಲ್ಲಿ ಉತ್ತರ ಇತ್ತು. ಬರೀ ಉತ್ತರ! ‘ಇಲ್ಲ. ಹೌದು. ವಾರಕ್ಕೊಮ್ಮೆ. ಅಮ್ಮನಿಗೆ ಮಾತ್ರ ಗೊತ್ತು.’ ಅಕ್ಕ ನಕ್ಕು ನಕ್ಕು ಒಪ್ಪಿಬಿಟ್ಟಳು. ವಾರಕ್ಕೊಮ್ಮೆ ಎಂತ ಎಂಬುದು ಇವತ್ತಿಗೂ ನಮಗೆ ಗೊತ್ತಿಲ್ಲ.

ಹೋಟೆಲಿಗೆ ಹೋದರೂ ಚೀಟಿಯೇ. ‘ಗೋಳಿಬಜೆ ಎರಡು ಪ್ಲೇಟು. ಚಟ್ನಿ ಬೇಕು. ಚಾಕ್ಕೆ ಸಕ್ಕರೆ ಅರ್ಧ. ಮತ್ತೆಂತ ಬೇಡ.’ ಒಮ್ಮೆ ಸಪ್ಲೈಯರ್ ಚೀಟಿ ಓದಿ, ತಲೆ ಕೆರೆದು, “ಚಾ ಈಗಲೇ ತರುವುದಾ, ಮತ್ತೆಯಾ?” ಎಂದು ಕೇಳಿದ. ಭಾವ ಕುಸಿದುಹೋದರು. “ಒಂದು ಸಾಲು ಬಿಟ್ಟುಹೋಯಿತು ಮಾರಾಯ. ಒಂದು ಸಾಲು ಬಿಟ್ಟರೆ ಎಲ್ಲ ನಿಲ್ಲುತ್ತದೆ” ಎಂದು ಚೀಟಿ ತಿದ್ದಲು ಕೂತರು. ಗೋಳಿಬಜೆ ತಣ್ಣಗಾಯಿತು.

ಇಂಥವರು ಕಾಪುವಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದರು. ಫ್ಲಾಪಿ ಇನ್ನೂ ಬದುಕಿದ್ದ ಕಾಲ. ನಾನು ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವ. ಓಮ್ನಿ ಓಡಿಸುವುದು, ಹಲಸಿನ ಹಣ್ಣಿನಷ್ಟು ಭಾರದ ಮಾನಿಟರ್ ಹೊರುವುದು, ಇಷ್ಟೇ ನನ್ನ ಕೆಲಸ.

ಆಗ ಕಂಪ್ಯೂಟರಿಗೆ ವಿಂಡೋಸ್ ಹಾಕುವುದೆಂದರೆ ಸುಮ್ಮನೆ ಅಲ್ಲ. ಎದುರು ಕೂತಿರಬೇಕು. ಐದು ನಿಮಿಷಕ್ಕೊಮ್ಮೆ ಅದು ಕೇಳುತ್ತದೆ: ಯಾವ ದೇಶ? ಗಂಟೆ ಎಷ್ಟು? ಯಾರ ಹೆಸರು? ಭಾವನಿಗೆ ಇದು ನರಕ! ಅದಕ್ಕೆ ಅವರು ಒಂದು ದಾರಿ ಕಲಿತಿದ್ದರು. ಒಂದೇ ಕಂಪ್ಯೂಟರನ್ನು ಪೂರ್ತಿ ತಯಾರು ಮಾಡುವುದು. ಅದರ ಪಡಿಯಚ್ಚನ್ನು ವಯರಿನಲ್ಲಿ ಉಳಿದವಕ್ಕೆಲ್ಲ ಒಟ್ಟಿಗೆ ಕಳಿಸುವುದು. ಕೇಳುವ ಪ್ರಶ್ನೆಗಳ ಉತ್ತರವನ್ನು ಮೊದಲೇ ಒಂದು ಫೈಲಿನಲ್ಲಿ ಬರೆದಿಡುವುದು. ಅಕ್ಕನಿಗೆ ಕೊಟ್ಟ ಕಾಗದವೇ, ಕಂಪ್ಯೂಟರಿಗೆ!

ಕಾರ್ಕಳದ ಒಂದು ಶಾಲೆಯ ಲ್ಯಾಬಿಗೆ ವೈರಸ್ ಹೊಡೆಯಿತು. ಮೂವತ್ತು ಕಂಪ್ಯೂಟರ್ ಸತ್ತು ಮಲಗಿದ್ದವು. ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಮಕ್ಕಳಿಗೆ ಪ್ರಾಕ್ಟಿಕಲ್ ಪರೀಕ್ಷೆ. ಹೆಡ್ಮಾಸ್ಟರು ನೇರ ಹೇಳಿದರು: “ಎರಡಕ್ಕೆ ರೆಡಿ ಇಲ್ಲದಿದ್ದರೆ ಮಕ್ಕಳನ್ನು ಮಣಿಪಾಲಕ್ಕೆ ಕಳಿಸುತ್ತೇನೆ. ಲ್ಯಾಬನ್ನೂ ಅಲ್ಲಿಯವರಿಗೇ ಕೊಡುತ್ತೇನೆ.” ಭಾವನ ಹತ್ತಿರ ಇದ್ದ ದೊಡ್ಡ ಕೆಲಸ ಅದೊಂದೇ. ಅದು ಹೋದರೆ ಅಂಗಡಿಗೆ ಬೀಗ.

ಅವತ್ತು ಶಾಲೆಯಿಂದ ಹೊರಡುವಾಗ ಗೇಟಿನ ವಾಚ್‌ಮನ್ ಬಂದುಹೋದವರ ಹೆಸರಿನ ಪುಸ್ತಕ ಹಿಡಿದು ನನ್ನನ್ನು ನೋಡಿದ. “ನೀವು ಯಾರು?”

“ಯಾರೂ ಅಲ್ಲ. ಸಾಮಾನು ಹೊರುವವ” ಎಂದೆ. ಅವನು ಹಾಗೆಯೇ ಬರೆದುಕೊಂಡ. ಭಾವ ಬಗ್ಗಿ ಆ ಸಾಲನ್ನು ಓದಿದರು. ರಾತ್ರಿ ಅಂಗಡಿಯಲ್ಲಿ ಒಂದು ಕಂಪ್ಯೂಟರ್ ತಯಾರು ಮಾಡಿ, ಒಂದೂ ಪ್ರಶ್ನೆ ಕೇಳದೆ ಆನ್ ಆಗುವುದನ್ನು ನೋಡಿಯೇ ಮಲಗಿದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಲ್ಯಾಬಿನಲ್ಲಿ ಪಡಿಯಚ್ಚು ಕಳಿಸುವ ಕೆಲಸ ಶುರು. ಹತ್ತೂವರೆಗೆ ನೋಡಿದರೆ ನೂರರಲ್ಲಿ ಹನ್ನೆರಡು ಭಾಗವೂ ಆಗಿಲ್ಲ! ಹೆಡ್ಮಾಸ್ಟರು ಬಾಗಿಲಲ್ಲಿ. “ಆಗ್ತದಾ? ಆಗ್ತದಾ ಇಲ್ವಾ? ಎಷ್ಟು ಹೊತ್ತು?” ಮೂರು ಪ್ರಶ್ನೆ! ಭಾವ ಎದ್ದರು. ಬೋರ್ಡಿನಲ್ಲಿ ಚಾಕ್‌ಪೀಸಿನಿಂದ ಬರೆದರು: ‘ಆಗುತ್ತದೆ. ಹೋಗಿ.’

ಎಲ್ಲವೂ ಒಟ್ಟಿಗೆ ತುಂಬುವುದರಿಂದ ಒಂದು ನಿಧಾನವಾದರೆ ಉಳಿದವೂ ಅದಕ್ಕಾಗಿ ಕಾಯುತ್ತವೆ. ನಾನು ಮೇಜಿನಡಿ ತೆವಳಿಕೊಂಡು ಒಂದೊಂದೇ ವಯರ್ ಮುಟ್ಟಿ ನೋಡಿದೆ. ಹದಿನೇಳನೆಯದರಲ್ಲಿ ಸಿಕ್ಕಿತು. ಇಲಿ ಅರ್ಧ ಕಡಿದು, ರುಚಿ ಹಿಡಿಸದೆ ಬಿಟ್ಟುಹೋಗಿತ್ತು. “ಭಾವ, ಇಲ್ಲಿ ಉಂಟು!” ವಯರ್ ಬದಲಿಸಿದ್ದೇ, ಮೂವತ್ತೂ ಓಡಿದವು. ಭಾವ ನನ್ನನ್ನು ನೋಡಿ ತಲೆ ಆಡಿಸಿದರು. ಅವರ ಮಟ್ಟಿಗೆ ಅದು ಭಾಷಣ.

ಒಂದೂಕಾಲಿಗೆ ತುಂಬಿಸುವುದು ಮುಗಿಯಿತು. ಮೂವತ್ತೂ ಆಫ್ ಆಗಿ ಆನ್ ಆದವು. ದೇಶ ಕೇಳಲಿಲ್ಲ, ಗಂಟೆ ಕೇಳಲಿಲ್ಲ. ಆಮೇಲೆ ಒಂದು ನಿಂತಿತು. ಪಕ್ಕದ್ದು ನಿಂತಿತು. ಸಾಲಿಗೆ ಸಾಲೇ ನಿಂತಿತು. ಮೂವತ್ತು ಪರದೆಯಲ್ಲಿ ಒಂದೇ ಪ್ರಶ್ನೆ: ಹೆಸರು? ಕೆಳಗೆ ಖಾಲಿ ಜಾಗ, ಮಿಣಮಿಣ ಎನ್ನುವ ಒಂದು ಗೆರೆ.

“ನಿನ್ನೆ ಅಂಗಡಿಯಲ್ಲಿ ಸರಿ ಇತ್ತಲ್ಲ ಭಾವ?” ಎಂದೆ.

ಹೆಡ್ಮಾಸ್ಟರು ಓಡಿ ಬಂದರು. “ಎಂತ ಮಾರಾಯ್ರೆ, ಪರೀಕ್ಷೆ ಮಾಡುವವರು ಬಸ್ ಸ್ಟ್ಯಾಂಡಿನಲ್ಲಿ ಇಳಿದರಂತೆ! ಯಾವುದಾದರೂ ಒಂದು ಹೆಸರು ಒತ್ತಿ!”

“ಅಂಗಡಿ ಹೆಸರು ಒತ್ತಿ ಭಾವ, ಯಾವಾಗಲೂ ಅದೇ ಅಲ್ವಾ?” ಎಂದು ನಾನೂ ಕೂಗಿದೆ.

ಭಾವ ಒತ್ತಲಿಲ್ಲ. ನನ್ನ ಕಡೆ ತಿರುಗಿದರು. ಮುಖ ಕೆಂಪಾಗಿತ್ತು. ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

“ಅಪ್ಪಿ... ನಿನ್ನ ಹೆಸರು ಎಂತ ಮಾರಾಯ?”

ಆರು ವರ್ಷದಿಂದ ಭಾವ! ಆದರೆ ತಪ್ಪು ಅವರದಲ್ಲ. ಮನೆಯಲ್ಲಿ ನಾನು ಅಪ್ಪಿ, ಬೀದಿಯಲ್ಲಿ ಅಪ್ಪಿ, ಅಕ್ಕನ ಮದುವೆ ಕಾಗದದಲ್ಲಿ ಅಚ್ಚಾದದ್ದೂ ಅಪ್ಪಿ. ಶಾಲೆಯ ಹಾಜರಿ ಪುಸ್ತಕ, ಓಮ್ನಿ ಓಡಿಸುವ ಲೈಸೆನ್ಸು ಬಿಟ್ಟರೆ ನನ್ನ ಹೆಸರು ಎಲ್ಲಿಯೂ ಇರಲಿಲ್ಲ.

“ಬೆಳಿಗ್ಗೆ ಅಂಗಡಿ ಹೆಸರು ಅಳಿಸಿದೆ” ಎಂದರು ಭಾವ, ಮೆಲ್ಲ. “ನಿನ್ನದು ಹಾಕುವ ಅಂತ. ನೋಡಿದರೆ ಗೊತ್ತಿಲ್ಲ. ನಿನ್ನನ್ನು ಕೇಳಲಿಕ್ಕೆ ನಾಚಿಕೆ. ನಿನ್ನ ಅಕ್ಕನನ್ನು ಕೇಳುವ ಅಂತ ಬಿಟ್ಟದ್ದು, ಗಡಿಬಿಡಿಯಲ್ಲಿ ಮರೆತೇಹೋಯಿತು.”

“ಸದಾಶಿವ” ಎಂದೆ. ನನ್ನ ಸ್ವರವೇ ನನಗೆ ಗುರುತು ಸಿಗಲಿಲ್ಲ.

“ಅಷ್ಟು ದೊಡ್ಡದಾ!” ಎಂದರು ಭಾವ. “ಮೊದಲನೆಯದರಲ್ಲಿ ನೀನೇ ಒತ್ತು.”

ಒಂದು ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದೆ. ಅದನ್ನು ನೋಡಿಕೊಂಡು ಭಾವ ಆಚೆ ತುದಿಯಿಂದ ಶುರು ಮಾಡಿದರು. ಒಂದೇ ಮಾತನ್ನು ಇಷ್ಟು ಸಲ ನಾನು ಬರೆದದ್ದು ಎಂಟನೇ ಕ್ಲಾಸಿನ ಶಿಕ್ಷೆಯಲ್ಲಿ, ‘ನಾನು ದಡ್ಡ’ ಎಂದು. ಹತ್ತನೆಯದಕ್ಕೆ ಬರುವಾಗ ಬೆರಳಿಗೆ ದಾರಿ ಗೊತ್ತಾಗಿತ್ತು. ಭಾವ ನನಗಿಂತ ಜೋರು, ನಾನು ಹದಿಮೂರು ಮುಗಿಸುವಾಗ ಅವರದು ಹದಿನೇಳು. ಎರಡಕ್ಕೆ ಎರಡು ನಿಮಿಷ ಇರುವಾಗ ಕೊನೆಯ ಪರದೆಯೂ ನೀಲಿಯಾಗಿ, ಟಿಂಗ್ ಎಂದಿತು. ಮಕ್ಕಳು ಒಳಗೆ ನುಗ್ಗಿದರು.

ಹೊರಡುವಾಗ ಗೇಟಿನಲ್ಲಿ ಅದೇ ವಾಚ್‌ಮನ್, ಅದೇ ಪುಸ್ತಕ. ಭಾವ ತಮ್ಮ ಹೆಸರಿನ ಚೀಟಿ ಕೊಟ್ಟರು. ಅವನು ನನ್ನ ಕಡೆ ಪೆನ್ನು ತೋರಿಸಿ ಭಾವನನ್ನೇ ಕೇಳಿದ, “ಇವರು ಯಾರು?”

ಭಾವ ಕಿಸೆಗೆ ಕೈ ಹಾಕಲಿಲ್ಲ. ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ನಾನು ಪೆನ್ನು ಇಸಿದುಕೊಂಡೆ.