ಕಿರಣ ಹೊಡೆದ ಖಾರ

ಅಫಜಲಪುರ ಬಸ್‌ಸ್ಟ್ಯಾಂಡಿನೆದುರಿನ ಕಲ್ಯಾಣಪ್ಪನ ಖಾನಾವಳಿಯಲ್ಲಿ ಖಾರಪುಡಿಗೆ ಎಣ್ಣೆ ಬಿಟ್ಟುಕೊಂಡು ರೊಟ್ಟಿ ಉಂಡ ಇಬ್ಬರು ಕಂಡಕ್ಟರರಿಗೆ ವಾಂತಿಭೇದಿಯಾಯಿತು. ಅಂದಿನಿಂದ ಗಿರಾಕಿಗಳು ಆ ಕಡೆ ಮುಖ ಹಾಕಲಿಲ್ಲ. ಒಲೆ ಆರಿದರೆ ಮನೆಯೇ ಆರಿದಂತೆ ಎಂದು ಕಲ್ಯಾಣಪ್ಪ ನಿದ್ದೆಗೆಟ್ಟ.

ಮುಂಬಯಿಯ ಅಣುಶಕ್ತಿ ಪ್ರಯೋಗಶಾಲೆಯೊಂದರಲ್ಲಿದ್ದ ಸೋದರಳಿಯ ಊರಿಗೆ ಬಂದವನು ಒಂದು ಪಾಕೀಟು ಖಾರ ಕೊಟ್ಟ. "ಇದಕ್ಕ ಕಿರಣ ಹೊಡದಾರ ಮಾವ, ಕ್ರಿಮಿ ಎಲ್ಲಾ ಸತ್ತಾವ. ಧೈರ್ಯದಿಂದ ಬಡಸ್ರಿ" ಎಂದು ಹೇಳಿ ಹೋದ.

ಮರುದಿನ ಬೆಳಿಗ್ಗೆ ಹಲಗೆ ಬಂತು: 'ಇಲ್ಲಿ ಕಿರಣ ಹೊಡೆದ ಖಾರ ಸಿಗುತ್ತದೆ.'

ಮೊದಲು ಓದಿದವನು ಪಕ್ಕದ ಸೈಕಲ್ ಅಂಗಡಿಯ ರಾಜೇಸಾಬ. "ಯಾವ ಕಿರಣ ರೀ?"

"ಅಣುಶಕ್ತಿದು."

"ಯಾ ಅಲ್ಲಾ! ಬಾಂಬಿನ ಖಾರ!"

ಚಹಾ ಆರುವುದರೊಳಗೆ ಸುದ್ದಿ ಹಬ್ಬಿತು. ಜೇವರ್ಗಿ ಬಸ್ಸಿನೊಳಗಿದ್ದವರು ಕಿಟಕಿಯಲ್ಲೇ ಮೂಗು ಮುಚ್ಚಿಕೊಂಡರು. ನಿವೃತ್ತ ಗುಮಾಸ್ತ ದೌಲತರಾಯರು ಕೊಡೆ ಬಿಚ್ಚಿಕೊಂಡೇ ಒಳಗೆ ಬಂದರು. ಕಿರಣವೆಂದರೆ ಬಿಸಿಲಿನಂತೆ ಮೇಲಿಂದ ಬೀಳುತ್ತದೆಂದು ಅವರ ಲೆಕ್ಕ.

"ತಿಂದವ್ರ ಮೈ ಕತ್ತಲದಾಗ ಹೊಳೀತದಂತ. ಖರೇ ಏನೋ ಕಲ್ಯಾಣಪ್ಪ?"

"ಎಕ್ಸರೇ ತೆಗಸ್ಕೊಂಡವ್ರು ಹೊಳೀತಾರೇನ್ರಿ?"

"ಹಂಗಾದ್ರ ನೀನೇ ತಿಂದು ತೋರ್ಸು. ಸಂಜಿ ತನಕ ನಾವು ಇಲ್ಲೇ ಕುಂಡ್ರತೀವಿ."

ಕಲ್ಯಾಣಪ್ಪ ಪಾಕೀಟು ಬಿಚ್ಚಿ ರೊಟ್ಟಿಯ ಮೇಲೆ ಧಾರಾಳ ಸುರಿದುಕೊಂಡು ತಿಂದ. ಕಣ್ಣಲ್ಲಿ ನೀರು ಬಂದರೂ ಮತ್ತೊಂದು ತಿಂದ. ಜನ ಅವನನ್ನೇ ನೋಡುತ್ತ, ಅವನದೇ ನೀರು ಕುಡಿಯುತ್ತ ಕುಳಿತರು. ಸಂಜೆಯಾದರೂ ಮೈ ಹೊಳೆಯಲಿಲ್ಲ. ರಾಜೇಸಾಬ ಕೈ ತೊಳೆದುಕೊಂಡು, "ನನಗೂ ಒಂದು ಊಟ ಹಾಕ್ರಿ" ಎಂದ. ಆಗಲೇ ಕಲ್ಯಾಣಪ್ಪನ ಹೊಟ್ಟೆ ಮುರಿಯಿತು. ತಂಬಿಗೆ ಹಿಡಿದು ಹಿತ್ತಲಿಗೆ ಓಡಿದ. ಬಂದ, ಮತ್ತೆ ಓಡಿದ.

ಬಸವಳಿದು ಹಿತ್ತಲ ಕಟ್ಟೆಯ ಮೇಲೆ ಕುಳಿತಾಗ ಹೆಂಡತಿ ಶಿವಕಾಂತಾ ಅಳುತ್ತ ಬಂದಳು.

"ಆ ಬಾಂಬಿನ ಖಾರ ನಾ ಬೆಳಗ್ಗೇನೇ ಗಟಾರಕ್ಕ ಚೆಲ್ಲೀನ್ರಿ. ವರ್ಷದ ಖಾರ ಕುಟ್ಟೋದಿದ್ರ ಓಣಿಯೆಲ್ಲಾ ನನ್ನನ್ನೇ ಕರೀತದ. ನನ್ನ ಮನ್ಯಾಗ ಪಾಕೀಟಿನ ಖಾರ ಅಂದ್ರ ನಾ ಮಂದಿಗಿ ಮಾರಿ ಹೆಂಗ ತೋರಿಸ್ಲಿ? ಅದಕ್ಕ ಪಾಕೀಟಿನ್ಯಾಗ ನಮ್ಮದೇ ತುಂಬಿ ಬಾಯಿ ಅಂಟಿಸೀನಿ."

"ಯಾವ ಗಡಿಗೀದು?"

"ಒಲಿ ಮಗ್ಗಲದ್ದು. ಮಳ್ಯಾಗ ತೊಯ್ದಿತ್ತಲ್ರಿ, ಅದೇ. ಬಿಸಲಾಗ ಒಣಗಿಸಿದ್ನಲ್ಲಾ!"

ಕಂಡಕ್ಟರರಿಗೆ ಬಡಿಸಿದ್ದೂ ಅದೇ ಗಡಿಗೆಯದು. ಕಲ್ಯಾಣಪ್ಪನಿಗೆ ಬಾಯಿಬಿಟ್ಟು ಅಳಬೇಕೆನಿಸಿತು. ನಿಜ ಹೇಳಿದರೆ ಖಾನಾವಳಿ ಮುಳುಗಿತು. ಹೇಳದಿದ್ದರೆ ಪಾಪ, ಅಳಿಯನ ಹೆಸರು ಕೆಟ್ಟಿತು. ಏನು ಮಾಡಲಿ ಎನ್ನುವಷ್ಟರಲ್ಲಿ ದೌಲತರಾಯರು ಹಿತ್ತಲಿಗೇ ಬಂದರು.

"ಹೆದರಬ್ಯಾಡೋ. ಕಂಡಕ್ಟರ್ ಮಂದಿಗಿ ಆಗಿದ್ದೂ ಇದರಿಂದನೇ, ತಪ್ಪೆಲ್ಲಾ ಕಿರಣದ್ದು, ನಿಂದೇನಿಲ್ಲ ಅಂತ ಮಂದಿಗಿ ಗೊತ್ತಾತು. ಹಲಗಿ ಕಿತ್ತು ಒಗದೀವಿ. ಇನ್ಮ್ಯಾಲ ಎಲ್ಲಾರೂ ನಿನ್ನಲ್ಲೇ ಉಣ್ಣೋರು. ನೀ ಎದ್ದು ಬರೋ ಹಂಗಿಲ್ಲಂತ ಶಿವಕಾಂತಾ ತಂಗಿ ಕುಟ್ಟಿದ ಖಾರ ಒಲಿ ಮಗ್ಗಲ ಗಡಿಗ್ಯಾಗಿಂದ ನಾನೇ ತೆಗದು ಬಡಸೀನಿ."

ಕಲ್ಯಾಣಪ್ಪ ಗೋಡೆ ಹಿಡಿದು ಬಂದು ಇಣುಕಿದ. ಖಾನಾವಳಿ ತುಂಬಿತ್ತು. ಎಲ್ಲರೂ ಬೆರಳು ನೆಕ್ಕುತ್ತಿದ್ದರು.