ಮಾವನ ಇಪ್ಪತ್ತೆರಡು ಪ್ರಶ್ನೆಗಳು

ಬಂದ ಗಿರಾಕಿಯನ್ನು ಓಡಿಸುವ ಸ್ಪರ್ಧೆ ಸಿಂಧನೂರಿನಲ್ಲಿ ನಡೆದರೆ ಮೊದಲ ಬಹುಮಾನ ನನ್ನ ಸೋದರಮಾವನಿಗೇ! ತೀರ್ಪುಗಾರರು ಎರಡನೆಯ ಬಹುಮಾನದ ಬಗ್ಗೆ ಮಾತ್ರ ತಲೆ ಕೆಡಿಸಿಕೊಂಡರೆ ಸಾಕು. ಇದು ಬರೀ ಬಾಯಿಮಾತಲ್ಲ, ನನ್ನ ಡೈರಿಯಲ್ಲಿ ಲೆಕ್ಕವಿದೆ. ನಾನು ಅವನ ಅಂಗಡಿ ಸೇರಿದ ಮೇಲೆ ಬಂದ ಗಿರಾಕಿಗಳು ನಲವತ್ತಾರು. ಕೊನೆಯತನಕ ಕೂತವರು ಹತ್ತೊಂಬತ್ತು. ಸಿಟ್ಟಿನಿಂದ ಬಾಗಿಲು ಬಡಿದು ಹೋಗಲು ಹೊರಟವರು ಎಂಟು. ಪಾಪ, ನಮ್ಮದು ಶಟರ್ ಅಂಗಡಿ, ಬಡಿಯಲು ಬಾಗಿಲೆಲ್ಲಿದೆ?

ಮಾವ ಬೋರ್ಡು ಬರೆಯುವವನು. ಈಗ ಕುಂಚ ಅವನ ಕೈಯಲ್ಲಿ, ಕಂಪ್ಯೂಟರ್ ನನ್ನ ಕೈಯಲ್ಲಿ. ಅಂಗಡಿಯ ಹೆಸರು, ಗುರುತು, ಚೀಲದ ಮೇಲಿನ ಚಿತ್ರ ಎಲ್ಲವನ್ನೂ ಮಾಡಿಕೊಡುತ್ತೇವೆ. ಪಕ್ಕದ ಫ್ಲೆಕ್ಸ್ ಅಂಗಡಿಯವನು ಚಹಾ ಆರುವುದರೊಳಗೆ ಕೆಲಸ ಮುಗಿಸಿ ಕಳಿಸುತ್ತಾನೆ. ನಮ್ಮಲ್ಲಿ ಹಾಗಲ್ಲ. ಮಾವನ ಉದ್ದನೆಯ ನೋಟ್‌ಬುಕ್ಕಿನಲ್ಲಿ ಇಪ್ಪತ್ತೆರಡು ಪ್ರಶ್ನೆಗಳಿವೆ. ಅಷ್ಟಕ್ಕೂ ಉತ್ತರ ಸಿಗದೆ ಅವನು ಒಂದು ಗೆರೆಯನ್ನೂ ಎಳೆಯುವುದಿಲ್ಲ. ನಿಮ್ಮ ಸಾಮಾನು ಯಾರು ಕೊಳ್ಳುತ್ತಾರೆ? ಎದುರಿನ ಅಂಗಡಿ ಬಿಟ್ಟು ನಿಮ್ಮಲ್ಲಿಗೆ ಯಾಕೆ ಬರಬೇಕು? ಗಿರಾಕಿ ಬೈದರೆ ಏನು ಮಾಡುತ್ತೀರಿ? ಮದುವೆಗೆ ಹೆಣ್ಣು ಕೊಡುವವರೂ ಇಷ್ಟು ವಿಚಾರಿಸಲಿಕ್ಕಿಲ್ಲ!

ಒಮ್ಮೆ ಅಕ್ಕಿ ಗಿರಣಿಯ ಸಾಹುಕಾರರು ಬಂದರು. ಹೊಸ ಅಕ್ಕಿಗೆ ತೀರಿಕೊಂಡ ತಂದೆಯ ಹೆಸರಿಟ್ಟು, ಚೀಲದ ಮೇಲೆ ಅವರದೇ ಫೋಟೋ ಹಾಕಬೇಕೆಂದರು. ಒಂಬತ್ತನೆಯ ಪ್ರಶ್ನೆಯವರೆಗೆ ಎಲ್ಲ ಸುಸೂತ್ರ.

"ಅಪ್ಪಾರು ಈ ಅಕ್ಕಿ ಉಣತಿದ್ರೇನ್ರಿ?" ಎಂದ ಮಾವ.

"ಎಲ್ಲಿ ಉಣತಾರ? ಅವರಿಗೆ ಶುಗರ್ ಇತ್ತು. ಕಡೀತನಕ ಬರೇ ಜ್ವಾಳದ ರೊಟ್ಟಿ."

"ತಾವು ಮುಟ್ಟದ ಅಕ್ಕಿ ಮಂದಿಗೆ ಉಣ್ಣಿರಿ ಅಂತ ಚೀಲದ ಮ್ಯಾಲೆ ಕುಂತು ಅವರು ಹೆಂಗ ಹೇಳ್ಯಾರು?"

ಸಾಹುಕಾರರು ತಂದೆಯ ಫೋಟೋವನ್ನು ಎದೆಗವಚಿಕೊಂಡು ಎದ್ದೇಬಿಟ್ಟರು. ಓಡಿಹೋದವರ ಪಟ್ಟಿಗೆ ಇನ್ನೊಂದು ಗೀಟು!

ಲಿಂಗಸುಗೂರಿನಿಂದ ಬಂದ ಹುಡುಗನದು ಇನ್ನೂ ಚಂದ. ಹೊಸ ಸಲೂನಿಗೆ ಕತ್ತರಿ ಇರುವ ಚಿತ್ರ ಬೇಕಿತ್ತು. ಮಾವ ಅವನ ತಲೆಯನ್ನೇ ದಿಟ್ಟಿಸಿದ.

"ಕಟಿಂಗ್ ಭಾಳ ಚಂದ ಐತಿ. ಯಾರು ಮಾಡ್ಯಾರ?"

"ನಮ್ಮ ಎದುರಿನ ಸಲೂನಿನಾಂವ ರೀ."

"ಹಂಗಾರ ಮೊದಲು ಅವನ್ನ ಕಳಸು, ಅವನ ಬೋರ್ಡ್ ಬರೀತೀನಿ!"

"ಮಾವಾ, ಹಿಂಗಾದ್ರ ಅಂಗಡ್ಯಾಗ ನೀ ಒಬ್ಬ, ನಾ ಒಬ್ಬಾಕಿ ಉಳೀತೀವಿ ನೋಡು" ಎಂದೆ.

"ಕೇಳದ ಬರದ್ರ ಏನಾಗತೈತಿ ನಿನಗೇನು ಗೊತ್ತು ಬೇ!" ಎಂದು ಬ್ರಷ್ ತೊಳೆಯಲು ಹೋದ.

ಏನಾಗುತ್ತದೆ ಎಂಬುದನ್ನು ಅವ್ವ ಹೇಳಿದಳು. ಅವಳಿಗೆ ಇಬ್ಬರು ತಮ್ಮಂದಿರು, ಈ ಮಾವ ಮತ್ತು ಸಣ್ಣ ಮಾವ. ಇಬ್ಬರೂ ಕೂಡಿ ಮಸ್ಕಿಯಲ್ಲಿ ಸೈಕಲ್ ಅಂಗಡಿ ತೆಗೆದರು. ಬೋರ್ಡು ಮಾವನೇ ಬರೆದ. ಯಾರನ್ನು ಕೇಳುವುದೇನಿದೆ, ಮನೆಯದೇ ಅಂಗಡಿ! ತನ್ನ ಹೆಸರನ್ನು ದೊಡ್ಡದಾಗಿ ಬರೆದು, ಕೆಳಗೆ 'ಅಂಡ್ ಬ್ರದರ್ಸ್' ಎಂದು ಸೇರಿಸಿದ. ಪೂಜೆಯ ದಿನ ಸಣ್ಣ ಮಾವ ಬೋರ್ಡಿನ ಕೆಳಗೆ ನಿಂತು ಓದಿದನಂತೆ.

"ಅಣ್ಣಾ, ಈ ಬ್ರದರ್ಸ್‌ನಾಗ ನಾ ಎಷ್ಟನೇದಾಂವ?"

ಇದ್ದವನು ಒಬ್ಬನೇ ತಮ್ಮ! ಕಾಯಿ ಒಡೆಯುವ ಮೊದಲೇ ಅವನು ಹೊರಟುಹೋದ. ಮಾವ ಸಿಂಧನೂರು ಸೇರಿದ. ಒಂಬತ್ತು ವರ್ಷ ಇಬ್ಬರ ನಡುವೆ ಮಾತಿಲ್ಲ. ಮದುವೆಗಳಲ್ಲಿ ಒಬ್ಬ ಮೊದಲ ಪಂಕ್ತಿ, ಇನ್ನೊಬ್ಬ ಕೊನೆಯ ಪಂಕ್ತಿ. ನಡುವೆ ಅವ್ವ ಉಣ್ಣದೆ ಓಡಾಡುತ್ತಾಳೆ. "ನಾ ಕಣ್ಣು ಮುಚ್ಚೂದರಾಗ ಇವರು ಮಾತಾಡೂದು ನೋಡ್ತೀನೋ ಇಲ್ಲೋ" ಎನ್ನುತ್ತಾಳೆ.

ಹೋದ ತಿಂಗಳು ಒಂದು ಮಧ್ಯಾಹ್ನ ಸಣ್ಣ ಮಾವ ನಮ್ಮ ಅಂಗಡಿಗೆ ಬಂದ. ಗಿರಾಕಿಯ ಕುರ್ಚಿಯಲ್ಲಿ ಕೂತು, ಅಣ್ಣನನ್ನು ಬಿಟ್ಟು ನನ್ನನ್ನು ನೋಡಿ ಹೇಳಿದ:

"ಮಸ್ಕ್ಯಾಗ ಮೋಟಾರ್ ರಿಪೇರಿ ಅಂಗಡಿ ತೆಗ್ಯಾಕತ್ತೀನಿ. ಬೋರ್ಡ್ ಬೇಕಾಗೈತಿ."

ಮಾವನೂ ನನ್ನನ್ನೇ ನೋಡಿ ಕೇಳಿದ: "ಮಸ್ಕ್ಯಾಗ ಬೋರ್ಡ್ ಬರಿಯಾವ್ರು ಯಾರೂ ಇಲ್ಲಂತೇನು?"

"ಅದಾರ. ಆದ್ರ ಅವರು ಏನೂ ಕೇಳಂಗಿಲ್ಲ. ಕೇಳದ ಬರದ ಬೋರ್ಡ್ ಒಂದು ನೋಡೀನಿ, ಅದ ಸಾಕಾಗೈತಿ."

ಓಡಿಹೋದ ಇಪ್ಪತ್ತೇಳು ಜನರ ಜೊತೆ ಇವನೂ ಸೇರಿಬಿಟ್ಟರೆ? ಅವ್ವನಿಗೆ ಯಾವ ಮುಖ ತೋರಿಸಲಿ? ಮಾವ ನಿಧಾನವಾಗಿ ನೋಟ್‌ಬುಕ್ ತೆರೆದು ಪೆನ್ನು ಹಿಡಿದ.

"ಹೆಸರು?"

ಹೆಗಲ ಮೇಲೆ ಹೊತ್ತು ಬೆಳೆಸಿದ ತಮ್ಮನ ಹೆಸರನ್ನು ಕೇಳುತ್ತಿದ್ದಾನೆ! ನನಗೆ ನಗು ಬರಬೇಕಿತ್ತು, ಬರಲಿಲ್ಲ. ಸಣ್ಣ ಮಾವ ಶಾಲೆಯಲ್ಲಿ ಹಾಜರಿ ಹೇಳುವಂತೆ ತನ್ನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಎಲ್ಲ ಹೇಳಿದ. ಮಾವ ಅಕ್ಷರ ಅಕ್ಷರ ತಿದ್ದಿ ಬರೆದು, ನೋಟ್‌ಬುಕ್ಕನ್ನು ಅವನ ಕಡೆ ತಿರುಗಿಸಿದ.

"ಬರೋಬರಿ ಐತೇನು ನೋಡು."

ಸಣ್ಣ ಮಾವ ಬಹಳ ಹೊತ್ತು ನೋಡಿದ. "ಬರೋಬರಿ ಐತಿ."

ಇಪ್ಪತ್ತೆರಡೂ ಪ್ರಶ್ನೆಗಳು ಮುಗಿದವು. ಸಣ್ಣ ಮಾವ ಏಳಲು ಹೋದ.

"ಕುಂದ್ರು, ಇನ್ನೂ ಅದಾವ" ಎಂದು ಮಾವ ಹಾಳೆ ತಿರುವಿದ. ನಾನು ಇಣುಕಿ ನೋಡಿದೆ. ಖಾಲಿ ಹಾಳೆ!

"ಇಪ್ಪತ್ಮೂರು. ಮೊಣಕಾಲು ನೋವು ಹೆಂಗೈತಿ?"

"ಚಳಿಗಾಲದಾಗ ಹಿಡಕೋತೈತಿ."

"ಇಪ್ಪತ್ನಾಕು. ಸಣ್ಣ ಮಗಳು ಈಗ ಸಾಲ್ಯಾಗ ಎಷ್ಟನೇತ್ತಾ?"

"ಆರನೇತ್ತಾ. ಇವೆಲ್ಲಾ ಬೋರ್ಡಿಗೆ ಬೇಕೇನು?"

"ಬೇಕು. ಗಿರಾಕಿ ಪೂರಾ ಗೊತ್ತಾಗದ ನಾ ಕುಂಚ ಹಿಡಿಯಂಗಿಲ್ಲ."

"ಹಂಗಾರ ನಂದೂ ಒಂದೈತಿ" ಎಂದ ಸಣ್ಣ ಮಾವ. "ನೀ ಹೆಂಗದಿ, ಅಣ್ಣಾ?"

ನಲವತ್ತಾರು ಗಿರಾಕಿಗಳಲ್ಲಿ ಒಬ್ಬರೂ ಮಾವನಿಗೆ ಈ ಪ್ರಶ್ನೆ ಕೇಳಿರಲಿಲ್ಲ. ಅವನು ಕನ್ನಡಕ ತೆಗೆದ, ಅಂಗಿಯ ತುದಿಯಿಂದ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ.

ಆ ಸಂಜೆ ಡೈರಿಯಲ್ಲಿ ಒಂದೇ ಲೆಕ್ಕ ಬರೆದೆ: ಮಸ್ಕಿಗೆ ಹೋದ ಬಸ್ಸುಗಳು, ಮೂರು. ಸಣ್ಣ ಮಾವ ಹತ್ತಿದ್ದು, ಒಂದೂ ಇಲ್ಲ.