ನಾನಪ್ಪನ ನಡದಾಗಿನ ಗಂಟು

ಹೆಂಡ್ತಿಗೆ ಹೆದರದ ಗಂಡಸು ಭೂಮಿ ಮ್ಯಾಲ ಇದ್ದಾನಂತ ಯಾರರ ಹೇಳಿದ್ರ ಗೋವಾದ ಕುಡಚಡೆಯ ನಾನಪ್ಪ ಬಿದ್ದು ಬಿದ್ದು ನಗತಿದ್ದ. ಸಿಮೆಂಟಿನ ಚೀಲ ಎರಡೆರಡು ಬೆನ್ನ ಮ್ಯಾಲ ಹೊತ್ತು ಲಾರಿ ಖಾಲಿ ಮಾಡೂ ಹಮಾಲ ಅಂವ. ಆದ್ರ ಹೆಂಡ್ತಿ ಹುಲಿಗೆವ್ವ ನಡದ ಮ್ಯಾಲ ಕೈ ಇಟ್ಟು "ಏನ್ರಿ" ಅಂದ್ಳಂದ್ರ ಕೈಕಾಲು ತಣ್ಣಗ! ಅಂಥಾ ಹೆಂಡ್ತಿಯಿಂದ ಒಂದು ಸಂಗತಿ ನಾಕ ತಿಂಗಳು ಮುಚ್ಚಿಟ್ಟಿದ್ದ ಪುಣ್ಯಾತ್ಮ.

ಸಂಗತಿ ಏನಂದ್ರ, ಬಲಗಡೆ ತೊಡಿಸಂದಿನ್ಯಾಗ ಒಂದು ಗಂಟು. ಮುಂಜಾನಿ ಇರತಿರಲಿಲ್ಲ. ಚೀಲ ಹೊತ್ತು ಹೊತ್ತು ಸಂಜಿ ಆತಂದ್ರ ಲಿಂಬಿಕಾಯಿಯಷ್ಟು ಎದ್ದು ಬರತಿತ್ತು. ಅಂಗಾತ ಮಲಗಿ ಒಂಚೂರು ಒತ್ತಿದ್ರ ಗುಳಕ್ಕನ ಒಳಗ. ಎಲ್ಲಾ ಬಿಟ್ಟು ಅಲ್ಲೆ ಬರಬೇಕಾ? ಯಾರಿಗೆ ತೋರಸೂದು? ಓಣಿ ದವಾಖಾನ್ಯಾಗ ಡಾಕ್ಟರ್ ಹೆಣ್ಮಗಳು. (ಹೊಟ್ಟಿನೋವು ಅಂತ ಸುಳ್ಳ ಹೇಳಿ ಗ್ಯಾಸಿನ ಗುಳಗಿ ತಂದು ನುಂಗಿದ್ದ. ಗ್ಯಾಸ್ ಹೋತು, ಗಂಟು ಉಳೀತು.) ಕಡೀಕ ಹಳೇ ಧೋತರ ಹರದು ಬಿಗಿದು ಕಟ್ಟಿ, ಮ್ಯಾಲ ಪ್ಯಾಂಟ್ ಏರಿಸಿ ಕೆಲಸಕ್ಕ ಹೋಗತಿದ್ದ.

ಹುಲಿಗೆವ್ವನ ಕಣ್ಣು ಬಿಡತಾವೇನು? ಸಂಜಿಕ ಗಂಡನ ನಡದ ಹತ್ರ ಏನೋ ಉಬ್ಬಿರತೈತಿ. ಮನಿಗೆ ಬಂದವನ ಒಳಗ ಹೋಗಿ ಬಾಗಲಾ ಹಾಕ್ಕೋತಾನ. ಹೊರಗ ಬಂದಾಗ ಉಬ್ಬು ಮಾಯ! ಹೆಜ್ಜಿಗೊಂದು ಬಾರ್ ಇರೂ ಗೋವಾದಾಗ ಹೆಂಡ್ತಿ ಆದಾಕಿ ಇದನ್ನ ಏನಂತ ತಿಳಕೋಬೇಕು? ಕ್ವಾರ್ಟರ್ ಬಾಟ್ಲಿ! ಮಗಳು ಅಶ್ವಿನಿ ಹುಟ್ಟಿದಾಗ ಇನ್ನ ಕುಡಿಯಂಗಿಲ್ಲಂತ ಹುಲಿಗೆಮ್ಮ ದೇವಿ ಮುಂದ ಭಂಡಾರ ಮುಟ್ಟಿ ಆಣಿ ಮಾಡಿದ್ದ ಅಂವ.

"ಏನದು ನಡದಾಗ?"

"ಏನಿಲ್ಲ."

"ಏನಿಲ್ಲಂದ್ರ ಇಷ್ಟು ಉಬ್ಬತೈತೇನ್ರಿ? ಆಣಿ ಮುರದೀರಿ, ಹೌದಿಲ್ಲೊ?"

ನಾನಪ್ಪ ಲೆಕ್ಕಾ ಹಾಕಿದ. ಖರೇ ಹೇಳಿದ್ರ ನಾಳೆ ನಳದ ಮುಂದ ಹೆಣ್ಮಕ್ಕಳೆಲ್ಲಾ ನಗತಾರ. ಕುಡುಕ ಅಂದ್ರ? ಆ ಓಣ್ಯಾಗ ಅದೊಂದು ಸುದ್ದಿನ ಅಲ್ಲ. ತಲಿ ತಗ್ಗಿಸಿ, "ಹೌದು, ದಿನಾ ಒಂದು ಕ್ವಾರ್ಟರ್" ಅಂದುಬಿಟ್ಟ. ನಾಕ ವರ್ಷದಿಂದ ಒಂದ ಹನಿ ಮುಟ್ಟದ ಮಹಾನುಭಾವ!

ಹುಲಿಗೆವ್ವ ಬೈಲಿಲ್ಲ. ಅದ ಕೆಟ್ಟದ್ದಾತು. ಸುಮ್ನ ಟ್ರಂಕಿಗೆ ಸೀರಿ ತುಂಬಿದ್ಳು, ಅಶ್ವಿನಿಯ ಕೈ ಹಿಡದ್ಳು. "ನಾವು ತವರಿಗೆ ಹೊಂಟ್ವಿ. ನೀವು ಬಾಟ್ಲಿ ಕೂಡ ಸಂಸಾರ ಮಾಡ್ರಿ" ಅಂದ್ಳು.

ನಾನಪ್ಪ ಸ್ಟೇಶನ್ನಿನ ತನಕಾ ಬೆನ್ನ ಹತ್ತಿ ಹೋಗಿ, "ಟ್ರಂಕರ ಹೊರತೀನಿ ಕೊಡ" ಅಂತ ಕಸಕೊಂಡು ತಲಿ ಮ್ಯಾಲ ಎತ್ತಿದ. ಎತ್ತಿದ್ನೋ ಇಲ್ಲೋ, ಒಳಗ ಏನೋ ಸಿಕ್ಕೊಂಡಂಗಾತು. ಟ್ರಂಕ್ ಒಂದು ಕಡೆ, ನಾನಪ್ಪ ಒಂದು ಕಡೆ. ಗಂಟು ಕಲ್ಲಾಗಿತ್ತು, ಎಷ್ಟು ಒತ್ತಿದ್ರೂ ಒಳಗ ಹೋಗವಲ್ದು.

"ನಾಟಕ ಬ್ಯಾಡ್ರಿ, ತಗೀರಿ ಬಾಟ್ಲಿ!" ಅಂತ ಹುಲಿಗೆವ್ವ ಕೈ ಹಾಕಿದ್ಳು. ಸಿಕ್ಕಿದ್ದು ಬಾಟ್ಲಿ ಅಲ್ಲ, ಮೈ. ನಾನಪ್ಪ "ಯವ್ವಾ!" ಅಂತ ಚೀರಿದ.

"ಅಯ್ಯ ನನ್ನ ಬಾಳೇವ! ಕುಡುಕ ಅಂತ ಒಪ್ಪಿಕೊಂಡ್ರಿ, ಇದನ್ನ ಹೇಳಾಕ ಏನ್ ಧಾಡಿಯಾಗಿತ್ರಿ ನಿಮಗ?" ಅಂತ ಅಳಕೋತನ ಆಕಿ ರಿಕ್ಷಾ ಕರದ್ಳು.

ಮಡಗಾಂವದ ದವಾಖಾನ್ಯಾಗೂ ಡಾಕ್ಟರ್ ಹೆಣ್ಮಗಳ! ಎರಡೂ ತೊಡಿಸಂದಿಗೆ ಕೈ ಇಟ್ಟು, ಉಬ್ಬು ನೋಡಾಕಂತ "ಕೆಮ್ಮು" ಅಂದ್ಳು. ಆಮ್ಯಾಲ ಕೊಂಕಣಿಯಾಗ ತಿಳಿಸಿ ಹೇಳಿದ್ಳು: ಹೊಟ್ಟಿಯ ಗೋಡಿ ಸಡಿಲಾಗಿ ಕರುಳು ಹೊರಗ ಬಂದೈತಿ, ಇದು ಹರ್ನಿಯಾ, ಗುಳಗಿಗೆ ಹೋಗೂದಲ್ಲ. ಸಿಕ್ಕೊಂಡ ಕರುಳು ಕೊಳೀತಂದ್ರ ಜೀವಕ್ಕ ಕುತ್ತು. ಈಗಿಂದೀಗ ಕೊಯ್ದು, ಕರುಳು ಒಳಗ ಹಾಕಿ, ಸೊಳ್ಳಿಪರದೆಯಂಥಾ ಜಾಳಿ ಕೂಡಿಸಿ ಹೊಲೀಬೇಕು. ಹುಲಿಗೆವ್ವ ಅದನ್ನ ಇಡೀ ವಾರ್ಡಿಗೆ ಕೇಳೂಹಂಗ ಕನ್ನಡಕ್ಕ ಇಳಿಸಿದ್ಳು. "ಹರದ ಚೀಲಕ್ಕ ತ್ಯಾಪಿ ಹಚ್ಚತಾರಂತ್ರಿ! ನಾಕ ತಿಂಗಳ ಹಿಂದ ಬಂದಿದ್ರ ಸಲೀಸ ಆಗತಿತ್ತಂತ!"

ಆಪರೇಶನ್ ಆಗಿ ನಾನಪ್ಪಗ ಎಚ್ಚರಾದಾಗ ಹುಲಿಗೆವ್ವ ಮಗ್ಗಲದಾಗ ಕುಂತಿದ್ಳು, ಅತ್ತು ಅತ್ತು ಕಣ್ಣು ಕೆಂಪಾಗಿದ್ವು. "ಬಾಟ್ಲಿನ ಆಗಿದ್ರ ಎಷ್ಟು ಚಲೋ ಇತ್ತಂತ ದೇವ್ರ ಮುಂದ ಅಂದೆ ನೋಡ್ರಿ" ಅಂದ್ಳು. ನಾನಪ್ಪಗೂ ಅಳು ಬಂತು, ಆದ್ರ ಅತ್ರ ಹೊಲಿಗಿ ಚುಚ್ಚತಿದ್ವು.

ಮನಿಗೆ ಬಂದಮ್ಯಾಲ ಕುಡುಕ ಅಲ್ಲಂತ ತೋರಿಸಿ ಗಂಡನ ಮಾನ ಕಾಯಾಕಂತ ಹುಲಿಗೆವ್ವ ನಳದ ಮುಂದ ನಿಂತು, ಏನಾಗಿತ್ತು, ಎಲ್ಲಾಗಿತ್ತು, ಒಂದೂ ಬಿಡದಂಗ ಹೇಳಿದ್ಳು. ಯಾರೂ ನಗಲಿಲ್ಲ. ಬಾಳಿಹಣ್ಣು ಹಿಡಕೊಂಡು ಬಂದ್ರು, ಹಮಾಲರು ಮೆಲ್ಲಕ "ನಂದೂ ಒಂಚೂರು ಹಂಗ ಐತಿ ಅಣ್ಣಾ" ಅಂದ್ರು. ನಾಕ ದಿನದಾಗ ನಾನಪ್ಪ ಹರ್ನಿಯಾಶಾಸ್ತ್ರಪಾರಂಗತ ಆಗಿಬಿಟ್ಟ.

ಐದನೇ ದಿನಾ ಪಕ್ಕದ ಮನಿ ಯಲ್ಲವ್ವ ತನ್ನ ಗಂಡ ಅಪ್ಪಾಸಾಬನ್ನ ಎಳಕೊಂಡು ಬಂದ್ಳು. ಹಿಂದ ಅರ್ಧಾ ಓಣಿ. "ಇಂವನ ನಡಾನೂ ಸಂಜಿಕ ಉಬ್ಬತೈತ್ರಿ ಅಣ್ಣಾ. ನನಗ ಬಾಟ್ಲಿ ಅಂತ ಸಂಶೇ."

"ನಂದೂ ಹರ್ನಿಯಾನ ಅಣ್ಣಾ" ಅಂದ ಅಪ್ಪಾಸಾಬ, ಲಗೂನ.

ನಾನಪ್ಪನ ಕರುಳು ಚುರ್ ಅಂತು. "ತಂಗೀ, ಗಂಡನ ಮ್ಯಾಲ ಸಂಶೇ ಪಟ್ರ ಏನಾಗತೈತಿ ನನ್ನ ನೋಡಿ ತಿಳ್ಕೋ. ಇಂವ ದೇವ್ರಂಥಾ ಮನಿಶಾ, ನಾ ಗ್ಯಾರಂಟಿ! ಅಪ್ಪಾಸಾಬ, ಕೆಮ್ಮು."

"ಕೆಮ್ಮೂದು ಯಾಕ ಬಿಡ ಅಣ್ಣಾ..."

"ನಾಚಿಗಿ ಪಟ್ರ ಜೀವಕ್ಕ ಕುತ್ತು. ಜೋರಾಗಿ ಕೆಮ್ಮಪಾ!"

ಅಪ್ಪಾಸಾಬ ಕೆಮ್ಮಿದ. ಪ್ಯಾಂಟಿನ ಕಾಲಾಗಿಂದ ಕ್ವಾರ್ಟರ್ ಬಾಟ್ಲಿ ಜಾರಿ, ಉಳ್ಳಕೋತ ಬಂದು ಹುಲಿಗೆವ್ವನ ಕಾಲಿಗೆ ಬಡೀತು.

ಯಲ್ಲವ್ವ ಗಂಡನ್ನ ನೋಡಲಿಲ್ಲ, ಗ್ಯಾರಂಟಿ ಕೊಟ್ಟವನ್ನ ನೋಡಿದ್ಳು. ಹುಲಿಗೆವ್ವನೂ ನಡದ ಮ್ಯಾಲ ಕೈ ಇಟ್ಟು ಗಂಡನ ಕಡೆ ತಿರಗಿದ್ಳು.

"ಏನ್ರಿ, ನಿಮ್ಮ ಹೊಲಿಗಿ ಇನ್ನೊಮ್ಮೆ ತೋರಸ್ರಿ. ಎಲ್ಲಾರೂ ನೋಡ್ಲಿ."